ಡಾಕ್ಟ್ರಕ್ಕನ ಹಿಮ್ಮಡಿ

ಸಂಜೆ ಐದೂವರೆಗೆ ಕಾಲು ತಪಾಸಣೆ ಶುರುವಾಯಿತು. ದಿನದ ನಡಿಗೆ ಮುಗಿಸಿದ ಸೈನಿಕರು ಶೆಡ್ಡಿನ ಉದ್ದ ಬೆಂಚಿನ ಮೇಲೆ ಬೂಟು ಬಿಚ್ಚುತ್ತ ಸಾಲಾಗಿ ಕೂತಿದ್ದರು. ತುಕಡಿಯ ವೈದ್ಯಕೀಯ ಸಹಾಯಕಿ ನೆಲಕ್ಕೆ ಮೊಣಕಾಲೂರಿ, ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಗಳಿಗೆ ಟಾರ್ಚು ಬಿಟ್ಟು ನೋಡುತ್ತಿದ್ದಳು. ಅವಳು ಡಾಕ್ಟರಲ್ಲ. ಆದರೂ ಎಲ್ಲರಿಗೂ ಡಾಕ್ಟ್ರಕ್ಕ.

"ಮೂಗು ಮುಚ್ಕೊಳ್ಳಿ ಅಕ್ಕ, ಇವನ ಕಾಲ್ಚೀಲ ತಾನಾಗೇ ನಿಂತ್ಕೊಳ್ಳತ್ತೆ," ಎಂದ ಒಬ್ಬ.

"ನಿನ್ನದು ನಡ್ಕೊಂಡೇ ಬರತ್ತೆ, ಸುಮ್ನಿರು," ಎಂದಳು ಅವಳು.

ಬೆಂಚಿನ ನಡುವೆ ಕೂತಿದ್ದ ಉದ್ದಣ್ಣ ಎಡಗಾಲನ್ನಷ್ಟೇ ಮುಂದೆ ಚಾಚಿದ. ತುಕಡಿಗೆಲ್ಲ ಎತ್ತರದವನೆಂದು ಅವನಿಗೆ ಆ ಹೆಸರು. ನಿನ್ನೆ ಕಾವಲಿನ ನೆಪ ಹೇಳಿ ತಪಾಸಣೆ ತಪ್ಪಿಸಿಕೊಂಡಿದ್ದ. ಬಲಗಾಲಿನ ಲೇಸನ್ನು ಅವಳೇ ಎಳೆದಳು. ಹಿಮ್ಮಡಿಯ ಬೊಬ್ಬೆ ಒಡೆದು ಕೀವಾಗಿತ್ತು. ಅಲ್ಲಿಂದ ಕೆಂಪು ಗೆರೆಯೊಂದು ಮೊಣಕಾಲಿನ ಕಡೆಗೆ ಏರಿತ್ತು. ಸೋಂಕು ಮೇಲಕ್ಕೆ ಹೊರಟ ಗುರುತು.

"ಯಾಕೋ ಮುಚ್ಚಿಟ್ಟೆ?"

"ನೀವೂ ಮುಚ್ಚಿಟ್ಟಿದ್ದೀರಲ್ಲಕ್ಕ," ಎಂದ ಅವನು, ನೆಲ ನೋಡುತ್ತ. "ಸೋಮವಾರದಿಂದ ಕುಂಟ್ತಿದ್ದೀರಿ. ನೀವೇ ತಡ್ಕೊಂಡಿರುವಾಗ ನಾನು ಅಯ್ಯೋ ಅಮ್ಮಾ ಅನ್ನೋಕಾಗತ್ತಾ?"

ಅವಳು ಅವನ ಗಾಯ ತೊಳೆದು ಕಟ್ಟಿದಳು, ಮಾತ್ರೆ ನುಂಗಿಸಿದಳು. ಆಮೇಲೆ ಅವನ ಪಕ್ಕದಲ್ಲೇ ಕೂತು ತನ್ನ ಬೂಟು ಬಿಚ್ಚಿದಳು. ದಿನಾ ಎಲ್ಲರ ಕಾಲು ನೋಡಿ ಮುಗಿಯುವ ಹೊತ್ತಿಗೆ ತನ್ನದಕ್ಕೆ ಬಗ್ಗುವ ತ್ರಾಣ ಉಳಿದಿರುತ್ತಿರಲಿಲ್ಲ. ಕಾಲ್ಚೀಲ ಹಿಮ್ಮಡಿಗೆ ಅಂಟಿ, ಚರ್ಮ ಕಿತ್ತುಕೊಂಡೇ ಬಂತು.

"ಅಡುಗೆ ಮಾವ, ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ," ಎಂದು ಬಾಗಿಲಲ್ಲಿ ನಿಂತಿದ್ದ ತುಕಡಿಯ ಅಡುಗೆಯವನನ್ನು ಕರೆದಳು.

"ನಾನಾ? ಈರುಳ್ಳಿ ಬಿಟ್ರೆ ಏನೂ ಸುಲಿದವನಲ್ಲಮ್ಮ ನಾನು."

"ಸುಲೀಬೇಡಿ. ತೊಳೆದು ಕಟ್ಟಿ. ನಾನು ಹೇಳ್ಕೊಡ್ತೀನಿ."

ಅಡುಗೆಯವನು ಬೋಗುಣಿ ಹಿಡಿದು ಕೂರುವಷ್ಟರಲ್ಲಿ ಕ್ಯಾಪ್ಟನ್ ಒಳಗೆ ಬಂದ.

"ನಾಳೆ ಏಳಕ್ಕೆ ಹೊರಡಬೇಕು. ನಡೆಯೋಕಾಗದವರು ಎಷ್ಟು ಜನ?"

"ಸದ್ಯಕ್ಕೆ ಇಬ್ಬರು, ಸಾರ್. ಉದ್ದಣ್ಣ, ಮತ್ತೆ ನಾನು. ಇಬ್ಬರಿಗೂ ಆಸ್ಪತ್ರೆ ಬೇಕು."

ಕ್ಯಾಪ್ಟನ್ ನಕ್ಕ. "ಅವನು ನೀರಿನ ಲಾರಿ ಹತ್ಲಿ. ನೀವು ಬಿಗಿಯಾಗಿ ಸುತ್ಕೊಂಡು ನಡೀರಿ. ನಿಮ್ಮಂಥೋರೇ ಹಿಂಗಂದ್ರೆ ಹೇಗೆ?"

"ನನ್ನಂಥೋಳು ಇಷ್ಟು ದಿನ ಹಿಂಗನ್ನದೇ ಇದ್ದಿದ್ದಕ್ಕೇ ಸಾರ್, ಅವನ ಕಾಲು ಹಾಗಾಗಿರೋದು."

"ಇದು ಆರ್ಡರ್."

ಅವಳು ಏಳಲಿಲ್ಲ. ಕುಳಿತಲ್ಲಿಂದಲೇ ಬೂಟನ್ನು ಅವನ ಕಡೆಗೆ ಚಾಚಿದಳು. ಅದರ ಒಳಗಿನ ಅಂಚು ರಕ್ತ ಒಣಗಿ ಕಪ್ಪಾಗಿತ್ತು.

"ಹಾಗಾದ್ರೆ ನಿಮ್ಮ ಕೈಯಾರೆ ನೀವೇ ತೊಡ್ಸಿ, ಸಾರ್. ನಾನು ಕಿರುಚಲ್ಲ."

ಕ್ಯಾಪ್ಟನ್ ಬೂಟು ತೆಗೆದುಕೊಂಡ. ಹಿಮ್ಮಡಿ ನೋಡಿದ. ಬೆಂಚಿನಲ್ಲಿ ಯಾರೂ ಕಾಲು ಸರಿಸಲಿಲ್ಲ. ಅವನು ಬೂಟನ್ನು ನೆಲಕ್ಕಿಟ್ಟ.

"ನಿಮ್ಮ ಮೇಲೆ ರಿಪೋರ್ಟ್ ಹೋಗತ್ತೆ."

"ಅದು ಹೋಗ್ಲಿ ಸಾರ್. ನಾನು ಹೋಗಲ್ಲ." ಅವಳು ಅಡುಗೆಯವನ ಕಡೆ ತಿರುಗಿದಳು. "ನೀರು ಹಾಕಿ ಮಾವ. ಮೆಲ್ಲಗೆ."

ಮರುದಿನ ಏಳಕ್ಕೆ ತುಕಡಿ ಹೊರಟಿತು. ಔಷಧಿ ಚೀಲ ಅಡುಗೆಯವನ ಹೆಗಲಲ್ಲಿತ್ತು. ಆಸ್ಪತ್ರೆಯ ದಾರಿ ಹಿಡಿದ ನೀರಿನ ಲಾರಿಯಲ್ಲಿ ಅವಳು, ಉದ್ದಣ್ಣ, ರಾತ್ರಿ ತಾವಾಗೇ ಗಾಯ ತೋರಿಸಿದ ಇನ್ನೂ ಮೂವರು, ಒಟ್ಟು ಐವರು ಬರಿಗಾಲಲ್ಲಿ ಕೂತಿದ್ದರು.