ಅಪ್ಪನ ಬಂದೂಕಿನ ತುಕ್ಕು

ಕೋರ್ಟಿನ ಬೆಂಚು ನನ್ನನ್ನು ಕೂರಗೊಡುತ್ತಿರಲಿಲ್ಲ. ಏಳುವುದು, ಕಿಟಕಿಯಾಚೆ ಹಿಮ ನೋಡುವುದು, ಮತ್ತೆ ಕೂರುವುದು. ಪಕ್ಕದಲ್ಲಿ ನನ್ನ ಗಂಡ ಕ್ಲೈಡ್ ಮದುವೆಯ ಕೋಟು ಹಾಕಿಕೊಂಡು ಕಲ್ಲಾಗಿ ಕೂತಿದ್ದ.

"ಒಂದ್ಕಡೆ ಕೂತ್ಕೊಳ್ಳೇ ಐಲಿ. ನಿನ್ನ ನೋಡಿ ಜಡ್ಜು, ನಾನು ಮತ್ತೆ ಏನೋ ಕದ್ದಿದೀನಿ ಅನ್ಕೋತಾರೆ."

ಹುಡುಗುಬುದ್ಧಿಯಲ್ಲಿ, ಕುಡಿದ ಮತ್ತಿನಲ್ಲಿ, ಯಾರದೋ ಬೇಟೆಮನೆಯ ಬೀಗ ಒಡೆದು ಕದ್ದಿದ್ದ. ಜೈಲು ಮುಗಿದು ಎಷ್ಟೋ ಕಾಲವಾಯಿತು; ಬಂದೂಕು ಮುಟ್ಟುವ ಹಕ್ಕು ಮಾತ್ರ ಹೋದದ್ದು ಹೋದದ್ದೇ. ಮುಟ್ಟಿದರೆ ಮತ್ತೆ ಜೈಲು. ಅವನಿರುವ ಮನೆಯಲ್ಲಿ ನನ್ನದನ್ನೂ ಇಡಬೇಡಿ ಎಂದು ವಕೀಲರು ಹೆದರಿಸಿದ್ದರು. ಹಾಗಾಗಿ ಅಪ್ಪ ನನಗೆಂದೇ ಬಿಟ್ಟುಹೋದ ಬಂದೂಕು ಮದುವೆಯಂದಿನಿಂದ ನನ್ನ ತಮ್ಮ ರೇನೊನ ಮನೆಯಲ್ಲಿದೆ. ನಮ್ಮ ಮಿಷಿಗನ್ನಿನ ಕಾಡುಸೀಮೆಯಲ್ಲಿ ಜಿಂಕೆ ಬೇಟೆ ಶುರುವಾದರೆ ಶಾಲೆಗೂ ರಜೆ. ನಾನು ಮಾತ್ರ ನನ್ನದೇ ಬಂದೂಕಿಗೆ ನೆಂಟರ ಹಾಗೆ ಹೋಗಿ ಅವನ ಬಾಗಿಲು ತಟ್ಟಬೇಕು. ಆ ಹಕ್ಕು ಮರಳಿ ಕೊಡಿ ಎಂದು ಕ್ಲೈಡ್ ಅರ್ಜಿ ಹಾಕಿದ್ದಾನೆ; ಇವತ್ತು ಜಡ್ಜು ಹೂಂ ಎಂದರೆ ಬಂದೂಕು ಮನೆಗೆ ಬರುತ್ತದೆ.

ಕ್ಲೈಡ್ ಪರ ಸಾಕ್ಷಿ ಹೇಳಲು ಬಂದವನೂ ರೇನೊನೇ. ನನ್ನ ಚಡಪಡಿಕೆಗೆ ಅದೇ ಕಾರಣ. ಅವನದು ಚಿನ್ನದಂಥ ಮನಸ್ಸು, ಬಾಯಿಗೆ ಮಾತ್ರ ಬೀಗವಿಲ್ಲ.

"ಸ್ವಾಮಿ, ನಮ್ಮ ಭಾವ ಎಂಥವ್ರು ಗೊತ್ತಾ? ಹೋದ್ವರ್ಷ ಬೇಟೇಲಿ ಅಕ್ಕ ಜಾರಿ ಕಾಲು ಮುರ್ಕೊಂಡ್ಲು. ಇವ್ರು ಬುತ್ತಿ ಹಿಡ್ಕೊಂಡು ಹಿಂದೆ ಹೋಗಿದ್ರು ಅಷ್ಟೆ. ಒಂದು ಹೆಗಲ ಮೇಲೆ ಅಕ್ಕ, ಇನ್ನೊಂದ್ರ ಮೇಲೆ ಅಪ್ಪನ ಬಂದೂಕು! ರಸ್ತೆವರೆಗೂ ಹೊತ್ಕೊಂಡು ಬಂದ್ರು!"

ಇದು ಅವನು ಬಾರಿನಲ್ಲಿ ಹೇಳುವ ಕತೆ. ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದಾನೆ. ಹೊಗಳುವ ಭರದಲ್ಲಿ ಭಾವನನ್ನು ಜೈಲಿಗೆ ಅಟ್ಟುತ್ತಿರುವುದು ಗೊತ್ತೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸರಕಾರಿ ವಕೀಲ ಎದ್ದು ನಿಂತ. ಜಡ್ಜು ಕನ್ನಡಕ ತೆಗೆದರು.

"ಬಂದೂಕು ಮುಟ್ಟಿದ್ರಾ ಕ್ಲೈಡ್?"

"ಇಲ್ಲ ಸ್ವಾಮಿ. ಬಿದ್ದಲ್ಲೇ ಬಿಟ್ಟು ಬಂದೆ. ಇವಳನ್ನೇ ಕೇಳಿ."

"ಹೆಂಡ್ತಿ ಇನ್ನೇನು ಹೇಳ್ತಾರೆ ಬಿಡಿ," ಎಂದು ಸರಕಾರಿ ವಕೀಲ ನಕ್ಕ.

ನನ್ನನ್ನು ಕರೆದು ಪ್ರಮಾಣ ಮಾಡಿಸಿದರು. ನಮ್ಮ ವಕೀಲರು ಹೇಳಿಕೊಟ್ಟಿದ್ದ ನಯವಾದ ಮಾತೆಲ್ಲ ಮರೆತೇಹೋಯಿತು.

"ನಿಜ ಸ್ವಾಮಿ! ಎತ್ಕೊಳ್ಳೋ, ಅಪ್ಪಂದು ಕಣೋ ಅಂತ ಬಡ್ಕೊಂಡೆ. ಮುಟ್ಟಲ್ಲ ಅಂದ! ಬೆನ್ನ ಮೇಲೆ ಕೂತೇ ಕಿವಿ ಹಿಂಡ್ದೆ, ಹೇಡಿ ಅಂದೆ. ತಿರುಗೂ ನೋಡ್ಲಿಲ್ಲ. ಹಿಮ ಕರಗಿದ್ಮೇಲೆ ನಾನೇ ಕುಂಟ್ಕೊಂಡು ಹೋಗಿ ಹುಡುಕಿ ತಂದೆ. ನಳಿಗೆಯೆಲ್ಲ ತುಕ್ಕು! ಅಪ್ಪ ಮಗು ಥರ ನೋಡ್ಕೊಂಡಿದ್ದ ಬಂದೂಕು! ಇವತ್ತಿಗೂ ಇವನ್ನ ಕಂಡ್ರೆ ಮೈ ಉರಿಯತ್ತೆ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಸರಕಾರಿ ವಕೀಲ ಕೂತುಬಿಟ್ಟ.

"ಇಷ್ಟು ಸಿಟ್ಟು ಯಾರು ಹೇಳ್ಕೊಟ್ರೂ ಬರಲ್ಲ," ಎಂದರು ಜಡ್ಜು. "ಅರ್ಜಿ ಮಂಜೂರು. ಕ್ಲೈಡ್, ಮನೇಲಿ ಮಂಜೂರಾಗೋದು ಬಿಡೋದು ನಿಮ್ಮ ಹಣೆಬರಹ."

ನೇರ ರೇನೊನ ಮನೆಗೆ ಹೋದೆವು. ಅವನು ತಪ್ಪು ಮಾಡಿದ ಮುಖದಲ್ಲಿ ಬಂದೂಕು ತಂದುಕೊಟ್ಟ. ನಾನು ಅದನ್ನು ಕ್ಲೈಡ್‌ನತ್ತ ಚಾಚಿದರೆ, ಅವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು.

"ಹಿಡ್ಕೊಳ್ಳೋ. ಈಗಲೂ ಮುಟ್ಟಲ್ವಾ?"

ಮೆಲ್ಲಗೆ ಹಿಡಿದ. ತುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ.

"ಅವತ್ತೂ ಎತ್ಕೋಬೇಕು ಅನ್ನಿಸ್ತು ಐಲಿ. ಆದ್ರೆ ಎತ್ಕೊಂಡು, ಯಾರಾದ್ರೂ ನೋಡಿ, ನಾನು ಒಳಗೆ ಹೋಗಿದ್ರೆ, ಮುರಿದ ಕಾಲಲ್ಲಿ ನಿನ್ನ ಯಾರು ನೋಡ್ಕೋತಿದ್ರು?"

ಅಳು ಬಂತು. ಇದನ್ನು ಅವತ್ತೇ ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು.

"ರೇನೊ, ನಿಂತು ನೋಡ್ತೀಯೇನೋ? ತುಕ್ಕು ಉಜ್ಜೋಕೆ ಎಣ್ಣೆ ತಗೊಂಬಾ," ಎಂದೆ.