ಪೈಲ್ವಾನ್ ನೂಕುತ್ತಿದ್ದ ಕಾರು

ಆ ಕೆಂಪು ಸ್ಪೋರ್ಟ್ಸ್ ಕಾರಿಗೆ ಇದ್ದದ್ದು ಎರಡೇ ಸೀಟು, ಸೊಕ್ಕು ಮಾತ್ರ ಹತ್ತು ಜನಕ್ಕಾಗುವಷ್ಟು. ಕನ್ನಡಕದ ಅಂಗಡಿಯವನು ಹೆಂಡತಿಗಿಂತ ಮುಂಚೆ ಅದನ್ನೇ ಕಟ್ಟಿಕೊಂಡಿದ್ದ. ಚೋಕ್ ಎಳೆದು, ಆಕ್ಸಿಲರೇಟರ್ ಎರಡು ಸಲ ತುಳಿದು, ಕೀ ತಿರುಗಿಸಿದರೆ ಗೊರಗೊರ ಅಂದು ಸುಮ್ಮನಾಗುತ್ತಿತ್ತು. ಆಗ ಹೆಂಡತಿ ಇಳಿದು ನೂಕಬೇಕು. ಟೈಲರಿಂಗ್ ಮಾಡಿಕೊಂಡಿದ್ದ, ಕಡ್ಡಿಯಂತಿದ್ದ ಅವಳಿಗೆ ಅವನಿಟ್ಟ ಹೆಸರು ಪೈಲ್ವಾನ್. "ನೂಕೇ, ಪೈಲ್ವಾನ್" ಎಂದು ಅವನು ಕೂಗಿದರೆ ಬೀದಿಗೆ ಬೀದಿಯೇ ನಗುತ್ತಿತ್ತು. ಅವಳು ಬೈದುಕೊಂಡೇ ನೂಕುತ್ತಿದ್ದಳು. ಎಂಜಿನ್ ಹತ್ತಿಕೊಂಡ ಮೇಲೆ ಓಡಿ ಬಂದು ಪಕ್ಕದಲ್ಲಿ ಕುಳಿತು, ಟಾಪು ತೆಗೆದ ಕಾರಿನಲ್ಲಿ ಕೂದಲು ಗಾಳಿಗೆ ಹಾರುವಾಗ, ಅಯ್ಯೋ, ಬೈದದ್ದೆಲ್ಲ ಎಲ್ಲಿ ಹೋಗುತ್ತಿತ್ತೋ! ಬೇರೆ ಕಾರು ಕೊಳ್ಳೋಣ ಎಂದು ಅವಳು ಒಂದು ದಿನವೂ ಬಾಯಿಬಿಡಲಿಲ್ಲ.

ಈಗ ಅವನಿಗೆ ಮರೆವಿನ ಕಾಯಿಲೆ. ಅಂಗಡಿ ಮರೆಯಿತು, ಉಂಡದ್ದು ಮರೆಯಿತು, ಕೊನೆಗೆ ಹೆಂಡತಿಯೂ ಮರೆತುಹೋದಳು. ನೀರು ಕೊಟ್ಟರೆ, ಯಾರದೋ ಮನೆಗೆ ಬಂದವನಂತೆ, ನಿಮ್ಮಿಂದ ಉಪಕಾರವಾಯಿತು ಅನ್ನುತ್ತಿದ್ದ. ಆದರೆ ಅವನ ಕೈಕಾಲು ಕಾರನ್ನು ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಅವಳು ಗೇಟಿಗೆ ಬೀಗ ಹಾಕಿ, ಮನೆಪಕ್ಕದ ಉದ್ದ ಅಂಗಳದಲ್ಲಿ ನಿಂತ ಕಾರಿನಲ್ಲಿ ಅವನನ್ನು ಕೂರಿಸುತ್ತಿದ್ದಳು. ಚೋಕ್, ಎರಡು ತುಳಿತ, ಗೊರಗೊರ. ಆಮೇಲೆ ಅವನು ಕತ್ತು ತಿರುಗಿಸಿ, ಅದೇ ಹಳೆಯ ಗತ್ತಿನಲ್ಲಿ, ನೂಕೇ ಪೈಲ್ವಾನ್ ಅನ್ನುತ್ತಿದ್ದ. ಕಾರು ಗೇಟಿನವರೆಗೆ ಹೋಗಿ ನಿಲ್ಲುತ್ತಿತ್ತು. ಇಡೀ ದಿನದಲ್ಲಿ ಅವಳು ಅವನ ಹೆಂಡತಿಯಾಗಿರುತ್ತಿದ್ದುದು ಅಷ್ಟೇ ಹೊತ್ತು.

ನೂಕಿ ನೂಕಿ ಒಂದು ದಿನ ಅವಳ ಹಾಳಾದ ಸೊಂಟ ಹಿಡಿದುಕೊಂಡಿತು. ಅವಳ ತಮ್ಮ ಮೆಕ್ಯಾನಿಕ್; ಸರಿಮಾಡಿಕೊಡ್ತೀನಿ ಎಂದು ಎಷ್ಟು ಗೋಗರೆದರೂ ಭಾವ ಕಾರು ಮುಟ್ಟಲು ಬಿಟ್ಟಿರಲಿಲ್ಲ. ಈಗ ಅಕ್ಕನೇ ಕರೆದು ಮಾಡಪ್ಪಾ ಎಂದಳು. ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಅವನು ಹಿಗ್ಗಿ, ಬಾರೇ ಪೈಲ್ವಾನ್, ಕೂತ್ಕೋ ಎಂದು ಕರೆದಾನು ಅಂದುಕೊಂಡಿದ್ದಳು, ಪಾಪ.

ಮಾರನೆಯ ಬೆಳಿಗ್ಗೆ ಕೀ ತಿರುಗಿಸಿದ್ದೇ ತಡ, ಕಾರು ಗುಡುಗಿತು. ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ತಾನೇ ಎಂಜಿನ್ ಆರಿಸಿ, ಪಕ್ಕದಲ್ಲಿ ನಿಂತಿದ್ದವಳನ್ನು ಇದು ಯಾರ ಕಾರು ಎಂದು ವಿನಯದಿಂದ ಕೇಳಿ ಒಳಗೆ ಹೋದ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಪೈಲ್ವಾನ್ ಎಂಬ ಮಾತೇ ಅವನ ಬಾಯಿಂದ ಬರಲಿಲ್ಲ.

ಮತ್ತೆ ಕೆಡಿಸು ಎಂದು ಅವಳು ತಮ್ಮನನ್ನು ಕರೆಸಿದಳು. ತಲೆ ನೆಟ್ಟಗಿದೆಯಾ ನಿನಗೆ ಎಂದು ಅವನು ರೇಗಿದ.

"ಅದು ಕೆಟ್ಟು ನಿಂತಾಗ್ಲೇ ಕಣೋ ಅವ್ರಿಗೆ ನಾನು ನೆನಪಾಗ್ತಿದ್ದಿದ್ದು" ಎಂದು ಅವಳು ಅತ್ತುಬಿಟ್ಟಳು.

ತಮ್ಮ ಗುಜರಿ ಡಬ್ಬ ತಡಕಿ, ತೆಗೆದೆಸೆದ ಹಳೆಯ ಸಾಮಾನುಗಳನ್ನೇ ಮತ್ತೆ ಕೂರಿಸಿದ.

ಬೆಳಿಗ್ಗೆ ಅವಳು ಸೊಂಟಕ್ಕೆ ಬೆಲ್ಟು ಬಿಗಿದು ಕಾರಿನ ಹಿಂದೆ ನಿಂತಳು. ಚೋಕ್, ಎರಡು ತುಳಿತ, ಗೊರಗೊರ. ಅವನು ಕತ್ತು ತಿರುಗಿಸಿ ಅವಳನ್ನೇ ನೋಡಿದ. ನೋಡಿ ಗಾಬರಿಯಾದ.

"ಅಯ್ಯೋ, ನೀವ್ಯಾಕಮ್ಮಾ ನೂಕೋಕೆ ಬಂದ್ರಿ? ವಯಸ್ಸಾಗಿದೆ ನಿಮಗೆ. ಬಿಡಿ, ನಮ್ಮ ಪೈಲ್ವಾನ್ ಬರ್ತಾಳೆ."

ಬರದಿದ್ದರೆ ಎಂದು ಕೇಳಿಯೇಬಿಟ್ಟಳು ಅವಳು.

ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ಆ ನಗು ಅವಳ ಕಣ್ಣಿಗೆ ಬಿದ್ದಿತ್ತು.

"ಈ ಕಾರನ್ನ ನಂಬೋ ಹಾಗಿಲ್ಲಮ್ಮಾ, ಯಾವಾಗ ಬೇಕಾದ್ರೂ ಕೈಕೊಡುತ್ತೆ. ಅವಳು ಹಾಗಲ್ಲ. ಕರೆದಾಗ ಬರದೇ ಇದ್ದೋಳೇ ಅಲ್ಲ."

ಸ್ಟೀರಿಂಗ್ ಹಿಡಿದು, ಮನೆಯ ಬಾಗಿಲನ್ನೇ ನೋಡುತ್ತ ಅವನು ಹೆಂಡತಿಗಾಗಿ ಕಾಯುತ್ತ ಕುಳಿತ. ಅವಳು ಕಾರಿನ ಮೇಲಿಟ್ಟ ಕೈ ತೆಗೆಯದೆ ಹಿಂದೆಯೇ ನಿಂತಿದ್ದಳು.