ಪೊಟ್ಟಣದ ಅಕ್ಕಿ ತೊಳೆದದ್ದು

ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ನಗರ ನೀರಿನಲ್ಲಿ ಮುಳುಗಿದ ಆ ಸೆಪ್ಟೆಂಬರಿನಲ್ಲಿ, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ಕೋಕಿಲಮ್ಮನ ಮನೆಗೆ ಅಲ್ಲಿಯ ಓಡೆಟ್ ಎಂಬ ವೃದ್ಧೆ ಬಂದರು. ಹ್ಯೂಸ್ಟನ್ನಿನ ನಿರಾಶ್ರಿತರ ಶಿಬಿರದಲ್ಲಿ ಊಟ ಬಡಿಸಲು ಹೋಗಿದ್ದ ಗಂಡ ವೆಂಕಟಗಿರಿ, ಅವರ ತಂಗಿ ಬಂದು ಕರೆದೊಯ್ಯುವವರೆಗೆ ನಮ್ಮಲ್ಲೇ ಇರಲಿ ಎಂದು ಹೆಂಡತಿಯನ್ನು ಕೇಳಿ ಕರೆತಂದಿದ್ದರು.

ಏನು ಕೊಟ್ಟರೂ ಓಡೆಟ್ "ಥ್ಯಾಂಕ್ಯೂ ಬೇಬಿ" ಅನ್ನುತ್ತಿದ್ದರು. ತಟ್ಟೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಉಪ್ಪಿಟ್ಟು ಆರಿತು, ಮೊಸರನ್ನ ಉಳಿಯಿತು. ಕಾಫಿಯೊಂದೇ ಒಳಗೆ ಹೋಗುತ್ತಿತ್ತು.

"ಅರವತ್ತಕ್ಕೆ ಬೇಬಿ ಆಗ್ಬಿಟ್ಯಲ್ಲೇ," ಎಂದು ವೆಂಕಟಗಿರಿ ಛೇಡಿಸಿದರು.

"ನಿಮಗೆ ತಮಾಷೆ. ಹೀಗೇ ಉಪವಾಸ ಇದ್ರೆ ಬಿದ್ದುಹೋಗ್ತಾರೆ ರೀ. ಅವರ ಊರಿನ ಅಡುಗೆ ಏನಾದ್ರೂ ಸಿಗುತ್ತಾ ನೋಡಿ. ಮಾಂಸ ಇರಬಾರದು ಅಷ್ಟೆ."

ಅಂಗಡಿಯಿಂದ ವೆಂಕಟಗಿರಿ ತಂದದ್ದು ಜಂಬಲಾಯ ಎಂಬ ಆ ಊರಿನ ಮಸಾಲೆ ಅನ್ನದ ಪೊಟ್ಟಣ. "ಅಕ್ಕಿ, ಮಸಾಲೆ ಎಲ್ಲ ಒಳಗೇ ಇದೆಯಂತೆ. ನೀರಿಗೆ ಹಾಕಿ ಕುದಿಸಿದ್ರೆ ಆಯ್ತು. ನಮ್ಮ ಬಿಸಿಬೇಳೆಬಾತ್ ಪ್ಯಾಕೆಟ್ ಇದ್ದ ಹಾಗೆ."

ಕೋಕಿಲಮ್ಮ ಪೊಟ್ಟಣ ಕತ್ತರಿಸಿ ಪಾತ್ರೆಗೆ ಸುರಿದರು, ನಲ್ಲಿಯ ಕೆಳಗೆ ಹಿಡಿದರು. ಹುಡುಗಿಯಾಗಿದ್ದಾಗಿನಿಂದ ತಿರುಗಿದಂತೆಯೇ ಬೆರಳುಗಳು ಅಕ್ಕಿಯೊಳಗೆ ತಿರುಗಿದವು. ನೀರು ಕೆಂಪಾಯಿತು. ಎಂಥ ಕೊಳೆ ಅಂದುಕೊಂಡು ಚೆಲ್ಲಿ ಮತ್ತೆ ನೀರು ಹಿಡಿದರು. ಅದನ್ನೂ ಚೆಲ್ಲುವಾಗ ಸಿಂಕಿನಿಂದ ಘಮ್ಮೆಂದು ಪರಿಮಳ ಎದ್ದಿತು. ಪಾತ್ರೆಯಲ್ಲಿ ಉಳಿದದ್ದು ಮಿಂದೆದ್ದ ಬಿಳಿ ಅಕ್ಕಿ.

"ಅಯ್ಯೋ, ಮಸಾಲೆನೆಲ್ಲ ತೊಳೆದುಬಿಟ್ನಲ್ಲ ರೀ!"

ತಿರುಗಿದರೆ, ಕುರ್ಚಿಯಲ್ಲಿ ಕುಳಿತ ಓಡೆಟ್ ಮೊದಲಿನಿಂದಲೂ ನೋಡುತ್ತಿದ್ದಾರೆ!

"ಕ್ಷಮಿಸಿ. ಅಕ್ಕಿ ಅಂದ್ರೆ ನನ್ನ ಕೈ ತಾನಾಗೇ..."

"ಮೊದಲನೇ ನೀರಿಗೇ ಗೊತ್ತಾಯ್ತು ಬೇಬಿ."

"ಮತ್ತೆ ಯಾಕೆ ಹೇಳಲಿಲ್ಲ?"

ಓಡೆಟ್ ಪಾತ್ರೆಯ ಕಡೆ ಬೆರಳು ತೋರಿಸಿದರು. "ನಮ್ಮಜ್ಜಿ ಹೀಗೇ ತೊಳೀತಿದ್ದಳು. ಬೆರಳು ಹೀಗೇ ತಿರುಗ್ತಿತ್ತು. ಅವಳದು ಒಂದೇ ಒಂದು ಫೋಟೊ ಇತ್ತು, ಅದೂ ನೀರಲ್ಲಿ ಹೋಯ್ತು. ಇನ್ನು ಅವಳನ್ನ ನೋಡೋದಿಲ್ಲ ಅಂದುಕೊಂಡಿದ್ದೆ. ನಿನ್ನ ಕೈನ ಹೇಗೆ ತಡೀಲಿ ಹೇಳು?"

ಕೋಕಿಲಮ್ಮ ತಮ್ಮ ಒದ್ದೆ ಕೈಯನ್ನು ನೋಡಿಕೊಂಡರು. ನಂಜನಗೂಡಿನ ಅಡುಗೆಮನೆಯಲ್ಲಿ ಅಮ್ಮನಿಂದ ಬಂದ ಕೈ ಅದು. ಅಮ್ಮ ಕಪಿಲೆಯನ್ನು ಬಿಟ್ಟು ಬೇರೆ ನೀರು ಕಂಡವಳಲ್ಲ. ನ್ಯೂ ಆರ್ಲಿಯನ್ಸಿನ ಯಾವುದೋ ಅಜ್ಜಿಗೂ ಅಮ್ಮನಿಗೂ ಇದನ್ನು ಕಲಿಸಿದವರು ಯಾರು? ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತರು.

ನಲ್ಲಿಯನ್ನು ನಿಲ್ಲಿಸಿದವರು ಓಡೆಟ್. ಅವರು ಎದ್ದು ಬಂದಿದ್ದರು.

"ಈರುಳ್ಳಿ ಇದೆಯಾ? ದಪ್ಪ ಮೆಣಸಿನಕಾಯಿ? ಸೆಲರಿ?"

ಸೆಲರಿ ದಂಟು ಮನೆಯಲ್ಲಿರಲಿಲ್ಲ. ಕೋಕಿಲಮ್ಮ ಕೊತ್ತಂಬರಿಯ ದಂಟು ಮುಂದಿಟ್ಟರು. ಓಡೆಟ್ ಮೂಸಿ ನೋಡಿ, "ನಮ್ಮದಲ್ಲ. ಇರಲಿ, ಹೆಚ್ಚು," ಎಂದರು. ಎಣ್ಣೆ ಚಟಪಟ ಎಂದಿತು. ಬೆಳ್ಳುಳ್ಳಿ, ಟೊಮೇಟೊ, ಅಚ್ಚಖಾರದ ಪುಡಿ, ಪಲಾವ್ ಎಲೆ, ಕೊನೆಗೆ ಆ ಬಿಳಿ ಅಕ್ಕಿ. ಬಂದಾಗಿನಿಂದ ಥ್ಯಾಂಕ್ಯೂ ಬಿಟ್ಟು ಮಾತಾಡದವರು ಈಗ ಗದರುತ್ತಿದ್ದರು: "ಕಲಕಬೇಡ ಬೇಬಿ! ಅದರ ಪಾಡಿಗೆ ಬಿಡು!"

"ಬೇಬಿಗೆ ಬೈಗುಳ!" ಎಂದು ವೆಂಕಟಗಿರಿ ನಕ್ಕರು.

ತಟ್ಟೆಗೆ ಬಡಿಸಿದ್ದಾಯಿತು. ಓಡೆಟ್ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಗಂಡಹೆಂಡಿರು ಅವರ ಮುಖವನ್ನೇ ನೋಡುತ್ತ ನಿಂತರು.

"ಉಪ್ಪು ಸಾಲದು."

ವೆಂಕಟಗಿರಿ ಉಪ್ಪಿನ ಡಬ್ಬಿಯನ್ನೇ ತಂದಿಟ್ಟರು. ಓಡೆಟ್ ಚಿಟಿಕೆ ಉದುರಿಸಿಕೊಂಡು, ಎರಡನೇ ಚಮಚವನ್ನು ತುಂಬಿಕೊಂಡರು.